ಶತ್ರುರಾಜ್ಯಕ್ಕೆ ಶಸ್ತ್ರವಿಕ್ರಯ

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣವೊಂದುಂಟು. ಮೈಸೂರಿನ ಆರ್. ಶಾಮಶಾಸ್ತ್ರಿಗಳವರು 1909ರಲ್ಲಿ ಈ ಗ್ರಂಥವನ್ನು ಅಚ್ಚುಹಾಕಿಸಿ ಲೋಕಕ್ಕೆ ಒದಗಿಸಿದುದು ವಾಚಕರಿಗೆ ವಿದಿತವೇ ಆಗಿದೆ. ರಾಜ್ಯದ ಎಲ್ಲೆಯನ್ನು ದಾಟಿಸಕೂಡದ ಸರಕುಗಳಾವುವೆಂಬುದನ್ನು ಆಚಾರ್ಯನು ಅಲ್ಲಿ ಎಣಿಸಿರುವನು. ಆಯುಧ, ಕವಚಗಳಷ್ಟೇ ಅಲ್ಲದೆ ಲೋಹವೂ ಧಾನ್ಯವೂ ಪಶುಗಳೂ ಆ ಪಟ್ಟಿಯಲ್ಲಿ ಸೇರಿವೆ. ಸಾಗಿಸಿದವನಿಗೆ ಸರಕೂ ಹೋಯಿತು, ದಂಡವೂ ಬಿದ್ದಿತು. ಅದೇ ವಸ್ತುಗಳನ್ನು ಹೊರಗಿನಿಂದ ತಂದು ಮಾರುವವನಿಗಾದರೋ ಸುಂಕವೇ ಇಲ್ಲ. ಕತ್ತಿಯನ್ನು ತಡೆದರೆ ಸಾಲದು, ಕತ್ತಿಯಾಗಬಲ್ಲ ಲೋಹವನ್ನೂ ತಡೆಯಬೇಕೆಂಬ ಸೂಕ್ಷ್ಮವು ಇಲ್ಲಿ ಗಮನಾರ್ಹವಾದುದು.

ಈ ಸೂಕ್ಷ್ಮವನ್ನು ನಮ್ಮ ಹಿಂದಿನ ಶತಮಾನದಲ್ಲಿ ಒಂದು ಮಹಾರಾಷ್ಟ್ರವು ಎಷ್ಟು ತಡವಾಗಿ ಅರಿತಿತೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ನಾನು ಉಪಾಧ್ಯಾಯನಾಗಿದ್ದಾಗ ಎರಡನೆಯ ಮಹಾಯುದ್ಧದ ಪಾಠವನ್ನು ಹೇಳುತ್ತ, ಅಮೇರಿಕಾ ದೇಶವು ಜಪಾನಿಗೆ ಕಬ್ಬಿಣವನ್ನು ನಿಲ್ಲಿಸಿತೆಂದು ಹೇಳಿದೆನು. ಹಿಂದಿನ ಸಾಲಿನಲ್ಲಿದ್ದ ಹುಡುಗನೊಬ್ಬನು ಎದ್ದುನಿಂತು, "ಹಾಗಾದರೆ ಅಲ್ಲಿಯವರೆಗೆ ಏಕೆ ಕೊಟ್ಟರು, ಮೇಷ್ಟ್ರೇ?" ಎಂದನು. ಪಾಠಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಆ ದಿವಸ ನನ್ನಲ್ಲಿಯೂ ಇರಲಿಲ್ಲ.

1937ನೆಯ ಇಸವಿ ಜುಲೈ ತಿಂಗಳಲ್ಲಿ ಜಪಾನು ಚೀನಾದ ಮೇಲೆ ದಂಡೆತ್ತಿತು. ಅಮೇರಿಕಾದಲ್ಲಿ ಆಗಲೇ ತಾಟಸ್ಥ್ಯ ಶಾಸನಗಳಿದ್ದವು; ಯುದ್ಧದಲ್ಲಿ ತೊಡಗಿದ ರಾಷ್ಟ್ರಗಳಿಗೆ ಆಯುಧಗಳನ್ನು ಮಾರಕೂಡದೆಂದು ಅವು ವಿಧಿಸುತ್ತಿದ್ದವು. ಆದರೆ ಜಪಾನಾಗಲಿ ಚೀನಾವಾಗಲಿ ವಿಧ್ಯುಕ್ತವಾಗಿ ಯುದ್ಧಘೋಷಣೆ ಮಾಡಿರಲಿಲ್ಲ. ಆ ಶಾಸನವನ್ನು ಪ್ರಯೋಗಿಸಿದರೆ ದುರ್ಬಲವಾದ ಚೀನಾಕ್ಕೇ ಹೆಚ್ಚು ಹಾನಿಯೆಂದು ಭಾವಿಸಿ ಅಧ್ಯಕ್ಷ ರೂಸ್‌ವೆಲ್ಟ್ ಅದನ್ನು ಅಲ್ಲಿಗೆ ಅನ್ವಯಿಸಲಿಲ್ಲ. ಹೀಗಿರಲು ವ್ಯಾಪಾರವು ಎಂದಿನಂತೆಯೇ ನಡೆಯಿತು. ಅಮೇರಿಕಾದ ಗುಜರಿ ಕಬ್ಬಿಣವೂ ಎಣ್ಣೆಯೂ ಹಡಗುಹಡಗಾಗಿ ಜಪಾನನ್ನು ಸೇರಿದವು. ಚೀನಾದ ಪಟ್ಟಣಗಳ ಮೇಲೆ ಬಾಂಬುಗಳ ಮಳೆ ಸುರಿಯುತ್ತಿದ್ದಾಗ ಆ ವಿಮಾನಗಳನ್ನು ಹಾರಿಸುತ್ತಿದ್ದ ಎಣ್ಣೆಯಲ್ಲಿ ಬಹುಭಾಗವು ಚೀನಾಕ್ಕೆ ಮರುಗುತ್ತಿದ್ದವರ ದೇಶದಿಂದಲೇ ಬಂದುದಾಗಿತ್ತು.

ಮರುಕವು ಸುಳ್ಳಲ್ಲ. 1938ರ ಜುಲೈನಲ್ಲಿ ಅಮೇರಿಕಾ ಸರಕಾರವು ವಿಮಾನ ತಯಾರಕರಿಗೆ ಪತ್ರ ಬರೆದು, ನಾಗರಿಕರ ಮೇಲೆ ಬಾಂಬು ಹಾಕುವ ರಾಷ್ಟ್ರಕ್ಕೆ ವಿಮಾನಗಳನ್ನು ಮಾರಬಾರದೆಂದು ಕೇಳಿಕೊಂಡಿತು. ಇದು ಧರ್ಮೋಪದೇಶವೇ ಹೊರತು ಶಾಸನವಲ್ಲ. 1939ರ ಜುಲೈ 26ರಂದು, 1911ರ ವಾಣಿಜ್ಯ ಒಪ್ಪಂದವನ್ನು ಕೊನೆಗಾಣಿಸುವುದಾಗಿ ಜಪಾನಿಗೆ ಆರು ತಿಂಗಳ ಮುನ್ಸೂಚನೆ ಕೊಟ್ಟಿತು. 1940ರ ಜನವರಿಯಲ್ಲಿ ಆ ಒಪ್ಪಂದವು ಮುಗಿದು, ನಿಷೇಧಕ್ಕಿದ್ದ ಅಡ್ಡಿಯೊಂದು ಕಳೆಯಿತು.

ಆ ವರ್ಷದ ಜೂನಿನಲ್ಲಿ ಫ್ರಾನ್ಸು ಜರ್ಮನಿಗೆ ಸೋತಿತು. ತನ್ನ ರಕ್ಷಣೆಯ ಚಿಂತೆಯು ಹತ್ತಿದ ಮೇಲೆ ಅಮೇರಿಕಾದ ಶಾಸನಸಭೆಯು ಜುಲೈ 2ರಂದು ಜಾರಿಗೆ ಬಂದ ಶಾಸನದ ಆರನೆಯ ವಿಧಿಯಿಂದ ಅಧ್ಯಕ್ಷರಿಗೆ ಹೊಸ ಅಧಿಕಾರವನ್ನಿತ್ತಿತು. ಯುದ್ಧೋಪಕರಣಗಳು, ಅವುಗಳ ಬಿಡಿಭಾಗಗಳು, ಅವನ್ನು ತಯಾರಿಸುವ ಯಂತ್ರಗಳು, ಅದಕ್ಕೆ ಬೇಕಾದ ಮೂಲದ್ರವ್ಯಗಳು, ಇವುಗಳಲ್ಲಿ ಯಾವುದರ ರಫ್ತನ್ನಾದರೂ ದೇಶರಕ್ಷಣೆಯ ಸಲುವಾಗಿ ಅವರು ತಡೆಯಬಹುದಾಯಿತು. ಕೌಟಿಲ್ಯನ ಪಟ್ಟಿಯೇ ಮರಳಿ ಹುಟ್ಟಿದಂತಿದೆ. ಆ ವಿಧಿಯಲ್ಲಿ ಜಪಾನಿನ ಹೆಸರಿಲ್ಲ. ಆದರೆ ಯಾರ ಮೇಲೆ ದೃಷ್ಟಿಯೆಂಬುದು ಬಹುಬೇಗನೆ ತಿಳಿದುಬಂದಿತು.

ಪ್ರಯೋಗವು ಮಾತ್ರ ಹಂತಹಂತವಾಗಿ ನಡೆಯಿತು. ಜುಲೈ ಕೊನೆಯಲ್ಲಿ ಉತ್ತಮದರ್ಜೆಯ ಗುಜರಿ ಕಬ್ಬಿಣಕ್ಕೂ, 87 ಆಕ್ಟೇನ್ ಮತ್ತು ಅದಕ್ಕೆ ಮೇಲ್ಪಟ್ಟ ವಿಮಾನದ ಪೆಟ್ರೋಲಿಗೂ ತಡೆಯುಂಟಾಯಿತು. ಜಪಾನಾದರೋ ಅದಕ್ಕಿಂತ ತುಸುವೇ ಕೆಳದರ್ಜೆಯ ಪೆಟ್ರೋಲನ್ನು ಕೊಳ್ಳುತ್ತ ಹೋಯಿತು. ಸೆಪ್ಟೆಂಬರಿನಲ್ಲಿ ಜಪಾನಿನ ಸೇನೆಯು ಇಂಡೋಚೀನಾದ ಉತ್ತರಭಾಗವನ್ನು ಹೊಕ್ಕಿತು. ಅಕ್ಟೋಬರ್ 16ರಿಂದ ಗುಜರಿ ಕಬ್ಬಿಣವು ಪೂರ್ತಿಯಾಗಿ ನಿಂತಿತು. ಎಣ್ಣೆಯನ್ನು ಮಾತ್ರ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಜಪಾನು ಡಚ್ಚರ ವಶದಲ್ಲಿದ್ದ ಈಸ್ಟ್ ಇಂಡೀಸಿನ ಎಣ್ಣೆಬಾವಿಗಳ ಮೇಲೆ ಬೀಳುವುದೆಂಬ ಭಯವಿದ್ದಿತು.

1941ರ ಜುಲೈನಲ್ಲಿ ದಕ್ಷಿಣ ಇಂಡೋಚೀನಾವೂ ಜಪಾನಿನ ಕೈಸೇರಿತು. 26ರಂದು ಅಮೇರಿಕಾವು ತನ್ನಲ್ಲಿದ್ದ ಜಪಾನಿನ ಹಣವನ್ನೆಲ್ಲ ತಡೆಹಿಡಿಯಿತು. ಪರವಾನಗಿ ಪಡೆದರೆ ಎಣ್ಣೆ ಕೊಳ್ಳಬಹುದೆಂಬ ಅವಕಾಶವೇನೋ ಕಾಗದದ ಮೇಲಿದ್ದಿತು. ಬೆಲೆ ತೆರುವ ಹಣವನ್ನು ಅಧಿಕಾರಿಗಳು ಬಿಡದಿದ್ದುದರಿಂದ ಎಣ್ಣೆಯು ಹೊರಡಲಿಲ್ಲ. ಬ್ರಿಟಿಷರೂ ಡಚ್ಚರೂ ಅದೇ ದಾರಿಯನ್ನು ಹಿಡಿದರು. ಜಪಾನಿಗೆ ಬೇಕಾದ ಎಣ್ಣೆಯಲ್ಲಿ ನೂರಕ್ಕೆ ಸುಮಾರು 80 ಪಾಲು ಅಮೇರಿಕಾದಿಂದಲೇ ಬರುತ್ತಿದ್ದಿತು. ದಾಸ್ತಾನು ದಿನದಿನಕ್ಕೆ ಕರಗುತ್ತಿರಲು, ಅದರ ನೌಕಾಧಿಪತಿಗಳು ತಡಮಾಡಿದಷ್ಟೂ ಬಲವು ಕುಂದುವುದೆಂದು ವಾದಿಸಿದರು. ಚೀನಾವನ್ನು ಬಿಟ್ಟು ಹಿಂದೆಗೆಯುವುದು ಒಂದು ದಾರಿ, ಎಣ್ಣೆಯಿರುವ ನಾಡುಗಳನ್ನು ಕಸಿಯುವುದು ಇನ್ನೊಂದು. ಅವರು ಎರಡನೆಯದನ್ನು ಆರಿಸಿಕೊಂಡರು. ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನ ಮೇಲೆ ಬಾಂಬುಗಳು ಬಿದ್ದವು.

ಇದರಿಂದ ನಿಷೇಧವೇ ಯುದ್ಧವನ್ನು ತಂದಿತೆಂದು ಹೇಳುವವರುಂಟು. ಈ ಮಾತು ನನಗೆ ಒಪ್ಪಿಗೆಯಾಗದು. ಕೊಲೆಗಾರನಿಗೆ ಕತ್ತಿಯನ್ನು ಮಾರುತ್ತಲೇ ಇರುವುದು ಶಾಂತಿಯೆನಿಸಲಾರದು. ಚೀನಾದವರ ಪಾಲಿಗೆ ಯುದ್ಧವು ನಾಲ್ಕು ವರ್ಷಗಳ ಹಿಂದೆಯೇ ಬಂದಿದ್ದಿತಷ್ಟೆ. ಹಿಂದೆಗೆಯುವ ದಾರಿಯು ತೆರೆದಿದ್ದರೂ ಅದನ್ನು ತುಳಿಯದವರ ಹೊಣೆಯನ್ನು ಮಾರುವವನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ದೋಷವಿದ್ದುದು ನಿಷೇಧದಲ್ಲಲ್ಲ, ಅದಕ್ಕೆ ಹಿಂದಿನ ವರ್ಷಗಳ ವಿಕ್ರಯದಲ್ಲಿ. ಎದುರಾಳಿಯ ದಂಡಿಗೆ ತಾನೇ ಉಣಿಸಿ ಬೆಳೆಸಿ, ಅವನಿಗೆ ಬೇರೊಂದು ಆಧಾರವಿಲ್ಲದಂತಾದ ಮೇಲೆ ಕೈಯನ್ನು ಥಟ್ಟನೆ ಹಿಂತೆಗೆದರೆ, ಆತನು ಬಾಗುವನೋ ಎರಗುವನೋ ಎಂಬುದು ಕೊಟ್ಟವನ ಕೈಮೀರಿದ ಮಾತಾಗುವುದು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ಇಂತಹುದಕ್ಕೇ ಹುಟ್ಟಿದುದು.

ಕೌಟಿಲ್ಯನ ವಿಧಿಯಾದರೋ ಇಂದಿನ ಶತ್ರುವನ್ನು ನೋಡಿ ನಾಳೆ ಮಾಡಿದುದಲ್ಲ. ಸುಂಕದ ಕಟ್ಟೆಯ ನಿತ್ಯನಿಯಮವದು. ವೈರವು ಹುಟ್ಟುವುದಕ್ಕೆ ಮೊದಲೇ ಇದ್ದು, ವರ್ತಕನಿಗೂ ನೆರೆಯ ಅರಸನಿಗೂ ಮುಂಚಿತವಾಗಿ ತಿಳಿದಿರತಕ್ಕದ್ದು. 1949ರಲ್ಲಿ ಅಮೇರಿಕಾವು ಸೋವಿಯೆತ್ ಪಕ್ಷವನ್ನು ಮನಸ್ಸಿನಲ್ಲಿಟ್ಟುಕೊಂಡು ಶಾಂತಿಕಾಲದಲ್ಲಿಯೇ ರಫ್ತುನಿಯಂತ್ರಣದ ಶಾಸನವನ್ನು ಮಾಡಿದುದನ್ನು ನೋಡಿದರೆ, ಆ ಪಾಠದಲ್ಲಿ ಅರ್ಧವನ್ನಾದರೂ ಅದು ಕಲಿತಿತೆನ್ನಬಹುದು.

ಆ ಹುಡುಗನ ಪ್ರಶ್ನೆಗೆ ಈಗ ಉತ್ತರವನ್ನು ಹೇಳಬಲ್ಲೆನು. ಲಾಭವಿದ್ದಿತು, ಆದುದರಿಂದ ಮಾರಿದರು. ಭಯವಿದ್ದಿತು, ಆದುದರಿಂದ ತಡಮಾಡಿದರು. ಚೀನಾದ ಪಟ್ಟಣಗಳಲ್ಲಿ ಸತ್ತವರನ್ನು ಈ ಎರಡು ಲೆಕ್ಕಗಳಲ್ಲಿಯೂ ಯಾರೂ ಹಿಡಿದಿರಲಿಲ್ಲ.