ಕಡೂರು–ತರೀಕೆರೆ ಸೀಮೆಗೆ ಹೆಸರು ತಂದವರು: ಶಾಸನ, ಶಿಲ್ಪ ಮತ್ತು ಕಾವ್ಯಗಳ ಹಿನ್ನೆಲೆಯಲ್ಲಿ

ಒಂದು ಊರಿಗೆ ಕೀರ್ತಿ ತಂದವರು ಯಾರೆಂದು ಗುರುತಿಸುವಾಗ ಹುಟ್ಟಿದ ಸ್ಥಳವನ್ನೇ ಆಧಾರವಾಗಿ ಹಿಡಿಯುವುದು ವಾಡಿಕೆಯಾದರೂ ಚರಿತ್ರೆಗೆ ಅದೊಂದೇ ಸಾಲದು. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿಗೆ ಲೋಕಪ್ರಸಿದ್ಧಿ ತಂದ ಕತೆಗಾರ ಆಂಡರ್ಸನ್ 1805ರಲ್ಲಿ ಹುಟ್ಟಿದ್ದು ಒಡೆನ್ಸ್ ಎಂಬ ಬೇರೊಂದು ಊರಿನಲ್ಲಿ. ಅವನನ್ನು ರಾಜಧಾನಿಯವನನ್ನಾಗಿ ಮಾಡಿದ್ದು ಅಲ್ಲಿ ಅವನು ನಡೆಸಿದ ಬರವಣಿಗೆ. ಚೌಳಹಿರಿಯೂರನ್ನು ಒಳಗೊಂಡ ಕಡೂರು, ಅದರ ನೆರೆಯ ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಚರಿತ್ರೆಯನ್ನು ಇದೇ ದೃಷ್ಟಿಯಿಂದ ನೋಡಿದರೆ, ಹೊರಗಿನಿಂದ ಬಂದು ಇಲ್ಲಿ ಕೆಲಸ ಮಾಡಿದವರಿಗೂ ಈ ನೆಲದವರ ಸಾಲಿನಲ್ಲೇ ಸ್ಥಾನ ದೊರೆಯಬೇಕಾಗುತ್ತದೆ.

ಈ ಮಾತಿಗೆ ಬಲವಾದ ಸಾಕ್ಷ್ಯ ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿದೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ, ಎಂದರೆ ಸೇನಾಧಿಪತಿ, ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಇಲ್ಲಿಯ ದೇವಾಲಯವು ಒಂದೇ ಗರ್ಭಗುಡಿಯುಳ್ಳ ಏಕಕೂಟ ಮಾದರಿಯದು. ಇದರ ತೆರೆದ ಮಂಟಪದ ಗೋಡೆಯ ಮೇಲೆ 140 ಚಿಕ್ಕ ಫಲಕಗಳಿದ್ದು, ದಕ್ಷಿಣದ 70 ಫಲಕಗಳಲ್ಲಿ ರಾಮಾಯಣವೂ ಉತ್ತರದಲ್ಲಿ 25ರಲ್ಲಿ ಕೃಷ್ಣನ ಕತೆಯೂ 45ರಲ್ಲಿ ಮಹಾಭಾರತವೂ ಮೂಡಿವೆ. ರಾಮಾಯಣದ ಕತೆ ಪ್ರದಕ್ಷಿಣೆಯ ದಿಕ್ಕಿಗೆ ವಿರುದ್ಧವಾಗಿ ಸಾಗುವುದರಿಂದ, ರೂಢಿಯಂತೆ ಬಲಕ್ಕೆ ಸುತ್ತುವ ಭಕ್ತನಿಗೆ ಅದು ಕೊನೆಯಿಂದ ಮೊದಲಿಗೆ ಕಾಣುತ್ತದೆ; ಹೊಯ್ಸಳ ಶಿಲ್ಪದಲ್ಲಿ ಇದು ಅಪರೂಪ.

ಇಲ್ಲಿ ಕೆಲಸ ಮಾಡಿದ ರೂವಾರಿಗಳಲ್ಲಿ, ಅಂದರೆ ಶಿಲ್ಪಿಗಳಲ್ಲಿ, ಮಲ್ಲಿತಮ್ಮನ ಹೆಸರು ಮುಖ್ಯವಾದುದು. ಮಂಟಪದ ಒಳಮಾಳಿಗೆಯ ಗುಮ್ಮಟಾಕಾರದ ಭುವನೇಶ್ವರಿಗಳನ್ನು ಕೆತ್ತುವುದರೊಂದಿಗೆ ಅವನ ವೃತ್ತಿಜೀವನ ಆರಂಭವಾಯಿತೆಂದು ಕಲಾಚರಿತ್ರಕಾರರು ಗುರುತಿಸಿದ್ದಾರೆ. ನುಗ್ಗೇಹಳ್ಳಿಯಲ್ಲಿಯೂ, 1258ರ ಸೋಮನಾಥಪುರದಲ್ಲಿಯೂ ಅವನ ಹೆಸರು ದೊರೆಯುವುದರಿಂದ, ಅವನ ಉಳಿಯ ಕೆಲಸ ಸುಮಾರು 60 ವರ್ಷ ನಡೆಯಿತೆಂದು ಹೇಳಲು ಅವಕಾಶವಿದೆ. ಇದೇ ದೇವಾಲಯದ 1197ರ ಶಾಸನವನ್ನು ರಚಿಸಿದವನು ಜನ್ನ. ಮುಂದೆ ಬಲ್ಲಾಳನಿಂದ ಕವಿಚಕ್ರವರ್ತಿ ಎಂಬ ಬಿರುದು ಪಡೆದ ಈ ಕವಿಯ ‘ಯಶೋಧರ ಚರಿತೆ’ ಪೂರ್ಣಗೊಂಡದ್ದು 1209ರಲ್ಲಿ. ಅದಕ್ಕೆ 12 ವರ್ಷ ಮೊದಲೇ ಅವನ ಕವಿತ್ವ ಅಮೃತಾಪುರದ ಕಲ್ಲನ್ನೇರಿತ್ತು. ಶಿಲ್ಪಿಯೂ ಕವಿಯೂ ಹೆಸರಾಗುವುದಕ್ಕೆ ಮುನ್ನವೇ ಅವರಿಗೆ ಕೆಲಸ ಕೊಟ್ಟ ದಂಡನಾಯಕನ ಗುಣಗ್ರಾಹಿತ್ವವನ್ನು ಈ ಸೀಮೆಯ ದೊಡ್ಡ ಹಿರಿಮೆಯೆಂದೇ ಎಣಿಸಬೇಕು.

ಲಕ್ಷ್ಮೀಶನ ವಿಷಯ ಇಷ್ಟು ಸರಳವಲ್ಲ. ಐದೈದು ಮಾತ್ರೆಯ ಗಣಗಳಿಂದಾದ ಆರು ಸಾಲಿನ ಪದ್ಯವಾದ ವಾರ್ಧಕ ಷಟ್ಪದಿಯಲ್ಲಿ ‘ಜೈಮಿನಿ ಭಾರತ’ವನ್ನು ಬರೆದ ಈ ಕವಿ ತನ್ನನ್ನು ದೇವಪುರದ ಲಕ್ಷ್ಮೀರಮಣನ ಭಕ್ತನೆಂದು ಹೇಳಿಕೊಂಡಿದ್ದಾನೆ. ಆ ದೇವಪುರವು ಕಡೂರು ತಾಲ್ಲೂಕಿನ ದೇವನೂರೆಂದು ಒಂದು ಪಕ್ಷವೂ, ಸುರಪುರದ ಬಳಿಯ ದೇವಪುರವೆಂದು ಇನ್ನೊಂದು ಪಕ್ಷವೂ ಬಹುಕಾಲ ವಾದಿಸಿವೆ. ದೇವನೂರಿನಲ್ಲಿ ಲಕ್ಷ್ಮೀಕಾಂತನ ದೇವಾಲಯ ಇರುವುದು ಮೊದಲ ಪಕ್ಷಕ್ಕೆ ಬಲ ಕೊಡುತ್ತದೆ. ತಾಳೆಗರಿಯಲ್ಲಿ ಊರಿಂದೂರಿಗೆ ಸಾಗಿ, ಗಮಕಿಗಳ ಬಾಯಲ್ಲಿ ನಾಡನ್ನೆಲ್ಲ ಸುತ್ತಿದ ಕಾವ್ಯದ ಕರ್ತೃವನ್ನು ಎರಡು ಸೀಮೆಗಳು ತಮ್ಮವನೆಂದರೆ ಅದು ಸಹಜವೇ.

ಈಚಿನ ಕಾಲದಲ್ಲಿ ಅಜ್ಜಂಪುರದ ಹೆಸರನ್ನು ಕನ್ನಡ ಓದುಗರಿಗೆ ಪರಿಚಯಿಸಿದವರಲ್ಲಿ ‘ಆನಂದ’ ಕಾವ್ಯನಾಮದ ಅಜ್ಜಂಪುರ ಸೀತಾರಾಂ (1902–1963) ಪ್ರಮುಖರು. ಬಸವಿ ಬಿಡುವ ಪದ್ಧತಿಗೆ, ಎಂದರೆ ಹೆಣ್ಣನ್ನು ದೇವರ ಹೆಸರಿನಲ್ಲಿ ಮದುವೆಯಿಲ್ಲದೆ ಉಳಿಸುವ ರೂಢಿಗೆ, ಬಲಿಯಾದ ಹಳ್ಳಿಯ ಹುಡುಗಿಯನ್ನು ಕುರಿತ ಅವರ ‘ನಾನು ಕೊಂದ ಹುಡುಗಿ’ ಇಂದಿಗೂ ಚರ್ಚೆಯಲ್ಲಿರುವ ಕತೆ.

ಇವರೆಲ್ಲರಿಗಿಂತ ಹಿಂದಿನವಳಾದ ಪಾಂಬಬ್ಬೆಯನ್ನು ಮಾತ್ರ ಈ ಸೀಮೆ ಬಹುಮಟ್ಟಿಗೆ ಮರೆತಿದೆ. ಗಂಗ ದೊರೆ ಬೂತುಗನ ಅಕ್ಕನಾದ ಇವಳು ಅರಮನೆಯ ಬದುಕನ್ನು ತೊರೆದು, ಕೇಶ ತೆಗೆಸಿ, 30 ವರ್ಷ ಜೈನ ವ್ರತಗಳನ್ನು ಪಾಲಿಸಿ ದೇಹಬಿಟ್ಟಳೆಂದು ಕಡೂರಿನ 971ರ ಶಾಸನ ತಿಳಿಸುತ್ತದೆ. ಹೆಸರಾದ ದೊರೆಯ ಅಕ್ಕನೆಂಬ ಗುರುತಿದ್ದರೂ ಕಲ್ಲು ಅವಳನ್ನು ನೆನೆದದ್ದು ಅವಳ ಸ್ವಂತ ತಪಸ್ಸಿಗಾಗಿ. ಈ ಭಾಗದ ಶಾಲೆಗಳ ಉಪಾಧ್ಯಾಯರು ಮಕ್ಕಳನ್ನು ಬೇಲೂರು ಹಳೇಬೀಡುಗಳಿಗೆ ಕರೆದೊಯ್ಯುವ ಮೊದಲು, ಅಮೃತಾಪುರದ ಗೋಡೆಯನ್ನು ತೋರಿಸಿ, ಪಾಂಬಬ್ಬೆಯ ಶಾಸನವನ್ನು ಓದಿ ಹೇಳಬೇಕು.