ತೆಂಗಿನ ಅಣಬೆ ರೋಗ: ಪ್ರಯೋಗಾಲಯದಲ್ಲಿ ಪತ್ತೆ

ಅರಸೀಕೆರೆ ಸೀಮೆಯ ತೆಂಗಿನ ತೋಟಗಳನ್ನು ಕಾಡುವ ಅಣಬೆ ರೋಗಕ್ಕೆ ಗ್ಯಾನೋಡರ್ಮಾ ಎಂಬ ಶಿಲೀಂಧ್ರ ಕಾರಣ. ಮಣ್ಣಿನಿಂದ ಬೇರಿಗೆ, ಬೇರಿನಿಂದ ಕಾಂಡಕ್ಕೆ ಅದು ಏರುತ್ತದೆ. ಹೊರಸುತ್ತಿನ ಗರಿಗಳು ಜೋತುಬೀಳುತ್ತವೆ; ಬುಡದ ಬಿರುಕುಗಳಲ್ಲಿ ಕಂದುಗೆಂಪು ರಸ ಒಸರುತ್ತದೆ. ಬುಡದಲ್ಲಿ ಗಟ್ಟಿ ಅಣಬೆ ಮೂಡುವ ವೇಳೆಗೆ ಮರವನ್ನು ಉಳಿಸಿಕೊಳ್ಳುವುದು ಬಲು ಕಷ್ಟ. ಬೆಳೆಗಾರರ ದೊಡ್ಡ ಸಂಕಟ ಇದೇ.

ರಸವೊಂದನ್ನೇ ನಂಬುವಂತಿಲ್ಲ. ಥೀಲವಿಯಾಪ್ಸಿಸ್ ಎಂಬ ಬೇರೊಂದು ಶಿಲೀಂಧ್ರದಿಂದ ಬರುವ ರಸ ಸೋರುವ ರೋಗದಲ್ಲೂ ಕಾಂಡ ಹೀಗೆಯೇ ಒಸರುತ್ತದೆ. ಆದ್ದರಿಂದ ಬೇರಿನ ತುಂಡನ್ನು ಶುಚಿಗೊಳಿಸಿ, ಇತರ ಸೂಕ್ಷ್ಮಜೀವಿಗಳನ್ನು ತಡೆಯುವ ಔಷಧ ಬೆರೆಸಿದ ಅಗರ್ ತಟ್ಟೆಯಲ್ಲಿಡುತ್ತಾರೆ. ಗ್ಯಾನೋಡರ್ಮಾ ಇದ್ದರೆ ಕೆಲವು ದಿನಗಳಲ್ಲಿ ಹತ್ತಿಯಂಥ ಬಿಳಿ ಎಳೆಗಳು ಹರಡುತ್ತವೆ. ಈ ಶಿಲೀಂಧ್ರ ಆರೋಗ್ಯವಂತ ಸಸಿಗೂ ಅದೇ ರೋಗ ತಂದು, ಆ ಸಸಿಯಿಂದ ಮತ್ತೆ ದೊರೆತರೆ ಕಾರಣ ಖಚಿತ. ಜರ್ಮನಿಯ ರಾಬರ್ಟ್ ಕಾಖ್ 19ನೇ ಶತಮಾನದಲ್ಲಿ ರೂಪಿಸಿದ ಈ ಕಟ್ಟುನಿಟ್ಟಿನ ಕ್ರಮ ಮನುಷ್ಯರ ರೋಗಗಳಿಗಾಗಿ ಹುಟ್ಟಿದ್ದರೂ ಸಸ್ಯರೋಗಗಳಿಗೂ ಸಲ್ಲುತ್ತದೆ.

ಪತ್ತೆಗೆ ಬೇರೆ ದಾರಿಗಳೂ ಇವೆ. ಎಲಿಸಾ ಎಂಬ ಪರೀಕ್ಷೆಯಲ್ಲಿ ಪ್ರತಿಕಾಯಗಳು ಶಿಲೀಂಧ್ರದ ಪ್ರೋಟೀನಿಗೆ ಅಂಟಿಕೊಂಡಾಗ ದ್ರಾವಣ ಬಣ್ಣ ತಳೆಯುತ್ತದೆ. ಪಿಸಿಆರ್ ಇನ್ನೂ ಸೂಕ್ಷ್ಮ: ಬೇರಿನಲ್ಲಿ ಅಡಗಿದ ಶಿಲೀಂಧ್ರದ ಡಿಎನ್‌ಎ ತುಣುಕನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿ ತೋರಿಸುತ್ತದೆ. ರೋಗ ಬೇಗ ತಿಳಿದರೆ ರೋಗಪೀಡಿತ ಮರದ ಸುತ್ತ ಕಂದಕ ತೋಡಿ, ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿದ ಬೇವಿನ ಹಿಂಡಿ ಹಾಕಿ ಪಕ್ಕದ ಮರಗಳನ್ನು ಕಾಪಾಡಲು ಅವಕಾಶವಿದೆ.