ಎಂಡೋಸಲ್ಫಾನ್: ಲಾಭ ತೋಟಕ್ಕೆ, ನಷ್ಟ ಊರಿಗೆ

ಎಂಡೋಸಲ್ಫಾನ್ ಒಂದು ಕೀಟನಾಶಕ. ಕಾಸರಗೋಡಿನ ಗಡಿ ಗ್ರಾಮಗಳಲ್ಲಿ ಈ ಹೆಸರು ಕೇಳದ ಮನೆ ಇಲ್ಲ.

ಜಿಲ್ಲೆಯಲ್ಲಿ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್‌ಗೆ ಸುಮಾರು 4,600 ಹೆಕ್ಟೇರ್ ಗೇರು ತೋಟ ಇತ್ತು. ಗೇರು ಚಿಗುರಿ ಹೂ ಬಿಡುವಾಗ ಚಹಾ ಸೊಳ್ಳೆ ಎಂಬ ಕೀಟ ರಸ ಹೀರಿ ಫಸಲು ಕೆಡಿಸುತ್ತದೆ. ಇಷ್ಟು ದೊಡ್ಡ ತೋಟಕ್ಕೆ ಆಳುಗಳಿಂದ ಮದ್ದು ಬಿಡಿಸುವ ಬದಲು ಹೆಲಿಕಾಪ್ಟರ್ ತಂದರು. 1970ರ ದಶಕದ ಕೊನೆಯಿಂದ 2000ದವರೆಗೆ ಇದು ನಡೆಯಿತು.

ವಿಷ ಹರಡಿದ ದಾರಿ

ಇಲ್ಲಿ ಗುಡ್ಡದ ಮೇಲೆ ಗೇರು, ಕೆಳಗೆ ಅಡಿಕೆ ತೋಟ, ಮನೆ, ಶಾಲೆ. ಏರುತಗ್ಗಿನ ಜಾಗದಲ್ಲಿ ಹೆಲಿಕಾಪ್ಟರ್ ಎತ್ತರದಲ್ಲೇ ಹಾರಬೇಕು. ಹಾಗಾಗಿ ಮದ್ದಿನ ಹನಿ ಗಾಳಿಗೆ ಎಲ್ಲೆಲ್ಲೋ ಬಿತ್ತು. ಮಳೆಗೆ ತೊಳೆದು ತೋಡು, ಬಾವಿ ಸೇರಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಕಡೆ ಜನ ಕುಡಿಯೋದು ಗುಡ್ಡ ಕೊರೆದು ಮಾಡಿದ ಸುರಂಗದ ನೀರು. ಜೇನ್ನೊಣ, ಮೀನು ಸತ್ತವು. ಆಮೇಲೆ ಮಕ್ಕಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ ಎದ್ದು ಕಂಡವು.

ಪ್ರಶ್ನೆ ಎತ್ತಿದವರು

ಒಂದೇ ಊರಿನಲ್ಲಿ ಇಷ್ಟು ರೋಗ ಯಾಕೆ ಎಂದು ಮೊದಲು ಕೇಳಿದವರಲ್ಲಿ ಪಡ್ರೆಯ ಡಾ. ವೈ.ಎಸ್. ಮೋಹನ್ ಕುಮಾರ್ ಒಬ್ಬರು. ಪತ್ರಕರ್ತ ಶ್ರೀಪಡ್ರೆ ಬರೆದರು. ಪೆರಿಯದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. 2000ದ ಕೊನೆಗೆ ಹೆಲಿಕಾಪ್ಟರ್ ನಿಂತಿತು. ಬಳಿಕ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಮಕ್ಕಳ ರಕ್ತ ಪರೀಕ್ಷಿಸಿದಾಗ ಎಂಡೋಸಲ್ಫಾನ್ ಅಂಶ ಸಿಕ್ಕಿತು. ಎಲ್ಲ ಕಾಯಿಲೆಗೂ ಇದೊಂದೇ ಕಾರಣವೇ ಎಂಬ ವಾದ ಇಂದಿಗೂ ಇದೆ. ಗಡಿಯ ಈಚೆ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯಲ್ಲೂ ಗೇರು ತೋಟಗಳ ಸುತ್ತ ಇದೇ ಗೋಳು.

ಪರಿಹಾರ

2011ರ ಮೇಯಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಡೆಯಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ಮೂರು ತಿಂಗಳಲ್ಲಿ ತಲಾ 5 ಲಕ್ಷ ರೂಪಾಯಿ ಕೊಡಿ ಎಂದಿತು. ಆದರೆ 2022ರ ಮೇಯಲ್ಲಿ ಕೋರ್ಟ್ ನೋಡಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟೇ ಮಂದಿಗೆ. ಅವರೂ ನ್ಯಾಯಾಂಗ ನಿಂದನೆ ಅರ್ಜಿ ಹಾಕಿದವರು.

ಲೆಕ್ಕ ಎಲ್ಲಿ ತಪ್ಪಿತು?

ಹೆಲಿಕಾಪ್ಟರಿನಿಂದ ಉಳಿದ ಕೂಲಿ ತೋಟದ ಪುಸ್ತಕದಲ್ಲಿ ಲಾಭವಾಗಿ ಬಂತು. ಕೆಟ್ಟ ನೀರು, ಮದ್ದಿನ ಖರ್ಚು, ಮಗುವಿನ ಪಕ್ಕ ಕೂತು ಕೆಲಸ ಬಿಟ್ಟ ತಾಯಿಯ ದುಡಿಮೆ ಯಾವ ಪುಸ್ತಕದಲ್ಲೂ ಬರಲಿಲ್ಲ. ಉದ್ಯಮ ಬೇಡ ಅಂತ ಯಾರೂ ಹೇಳುವುದಿಲ್ಲ. ಆದರೆ ದೊಡ್ಡ ಯೋಜನೆಗಳಿಗೆ 2006ರ ಪರಿಸರ ಅಧಿಸೂಚನೆಯಡಿ ಸಾರ್ವಜನಿಕ ಅಹವಾಲು ಸಭೆ ಇರುತ್ತದೆ. ಊರಿನ ಯುವಕರು ಅಲ್ಲಿಗೆ ಹೋಗಿ ಕೇಳಬೇಕಾದ ಮೊದಲ ಪ್ರಶ್ನೆ: ಹೊರಗೆ ಬಿಡುವ ನೀರು, ಹೊಗೆ ಎಲ್ಲಿಗೆ ಹೋಗುತ್ತದೆ, ಅಲ್ಲಿ ಯಾರ ಮನೆ ಇದೆ?